ಓಡಿಸಿದವನ ಲೆಕ್ಕ

ಕಂಬಳದ ಕರೆಯಲ್ಲಿ ಕೋಣಗಳು ಗುರಿ ಮುಟ್ಟಿದ ಕ್ಷಣವನ್ನು ಈಗ ಲೇಸರ್ ಕಿರಣ ಹಿಡಿಯುತ್ತದೆ. ಸೆಕೆಂಡಿನ ನೂರನೆಯ ಒಂದು ಪಾಲು ಹೆಚ್ಚುಕಡಿಮೆಯಾದರೂ ಧ್ವನಿವರ್ಧಕ ಅದನ್ನು ಊರಿಗೆಲ್ಲ ಸಾರುತ್ತದೆ. ಒಳ್ಳೆಯದೇ ಆಯಿತು, ತೀರ್ಪಿನ ವಿಷಯದಲ್ಲಿ ಹಿಂದೆ ಆಗುತ್ತಿದ್ದ ವಾಗ್ವಾದಗಳನ್ನು ಕೇಳಿದವರಾರೂ ಈ ಯಂತ್ರ ಬೇಡವೆನ್ನಲಾರರು. ಆದರೆ ಕಾಲವನ್ನು ಇಷ್ಟು ಸೂಕ್ಷ್ಮವಾಗಿ ಅಳೆಯಬಲ್ಲ ನಾವು, ಆ ಕೋಣಗಳ ಹಿಂದೆ ಕೆಸರಿನಲ್ಲಿ ಬರಿಗಾಲಿನಲ್ಲಿ ಓಡಿ ಬಂದವನ ಕೈಗೆ ಎಷ್ಟು ರೂಪಾಯಿ ಸೇರಿತೆಂಬುದನ್ನು ಒಂದು ದಿನವಾದರೂ ಎಣಿಸಿದ್ದೇವೆಯೇ?

ಈ ಪ್ರಶ್ನೆಯನ್ನು ಕೇಳಿದರೆ ನಮ್ಮ ಕಡೆ ಕೆಲವರಿಗೆ ಸಿಟ್ಟು ಬರುತ್ತದೆಂದು ನಾನು ಬಲ್ಲೆ. ಕಟಪಾಡಿಯ ಮೂಡು-ಪಡು ಕರೆಯನ್ನೂ ಮಿಯ್ಯಾರಿನ ಲವ-ಕುಶ ಕರೆಯನ್ನೂ ನೋಡುತ್ತ ಬೆಳೆದವನು ನಾನು. ಕಂಬಳ ನಿಲ್ಲಬೇಕೆನ್ನುವವರ ಪಕ್ಷ ನನ್ನದಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ವಿಷಯದಲ್ಲಿ ಕೊಟ್ಟ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿ, 2016ರಲ್ಲಿ ನಮ್ಮ ಉಚ್ಚ ನ್ಯಾಯಾಲಯ ತಡೆಯಾಜ್ಞೆ ಹೊರಡಿಸಿದಾಗ, ಇದು ರೈತನ ಆಟ, ಇದು ನಿಂತರೆ ಬಡವನ ಹೊಟ್ಟೆಯ ಮೇಲೆ ಹೊಡೆದಂತೆ ಎಂದು ವಾದಿಸಿದವರಲ್ಲಿ ನಾನೂ ಒಬ್ಬ. 2017ರಲ್ಲಿ ರಾಜ್ಯದ ಕಾನೂನಿಗೆ ತಿದ್ದುಪಡಿಯಾಯಿತು; 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿ ಹಿಡಿಯಿತು. ಅಂತೂ ನಾವು ಗೆದ್ದೆವು. ಬಡವನ ಹೆಸರು ಹೇಳಿ ಗೆದ್ದವರು ಗೆದ್ದ ಮೇಲೆ ಆ ಬಡವನಿಗೇನು ಸಿಕ್ಕಿತೆಂದು ವಿಚಾರಿಸುವುದು ಕನಿಷ್ಠ ಸೌಜನ್ಯವಲ್ಲವೇ? ಕೋಣಕ್ಕೆ ಅನವಶ್ಯಕ ಹಿಂಸೆಯಾಗಕೂಡದೆಂದು ಕಾನೂನು ಷರತ್ತು ಹಾಕಿದೆ. ಓಟಗಾರನ ಪಾಲಿಗೆ ಅಂಥ ಒಂದು ಅಕ್ಷರವನ್ನು ನಾವೇ ಬರೆದುಕೊಂಡಿಲ್ಲ.

2020ರ ಫೆಬ್ರವರಿಯನ್ನು ನೆನೆಸಿಕೊಳ್ಳಿ. ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ, ನೂರು ಮೀಟರಿಗೆ 9.55 ಸೆಕೆಂಡಾಯಿತು, ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಸ್ಥಾಪಿಸಿದ 9.58ರ ದಾಖಲೆಯನ್ನೂ ಮೀರಿತು ಎಂದರು. ದೇಶವೆಲ್ಲ ತಿರುಗಿ ನೋಡಿತು. ಎರಡು ವಾರ ಕಳೆಯುವಷ್ಟರಲ್ಲಿ ಕಾರ್ಕಳ ತಾಲೂಕಿನ ಬಜಗೋಳಿಯ ನಿಶಾಂತ್ ಶೆಟ್ಟರು ವೇಣೂರಿನಲ್ಲಿ ಅದಕ್ಕಿಂತಲೂ ವೇಗವಾಗಿ ಓಡಿದರೆಂಬ ಸುದ್ದಿ ಬಂತು. ಗೌಡರನ್ನು ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಕರೆದರು. ತಮ್ಮನ್ನು ಎಳೆಯುವುದು ಕೋಣ, ಆ ಓಟವೇ ಬೇರೆ ಈ ಓಟವೇ ಬೇರೆ ಎಂಬ ವಿವೇಕ ಅವರಿಗಿತ್ತು; ನಯವಾಗಿ ನಿರಾಕರಿಸಿದರು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಕರೆದು ಸನ್ಮಾನಿಸಿ 3 ಲಕ್ಷ ರೂಪಾಯಿ ಕೊಟ್ಟರು.

ಆ ದಿನಗಳಲ್ಲಿ ಪತ್ರಿಕೆಗಳೆಲ್ಲ ಇನ್ನೊಂದು ಸಂಗತಿಯನ್ನೂ ಬರೆದವು: ಈತ ಕಟ್ಟಡದ ಕೆಲಸಗಾರ. ಅದನ್ನು ನಾವು ಒಂದು ವಿಸ್ಮಯವೆಂಬಂತೆ ಓದಿಕೊಂಡೆವು. ಕಲ್ಲು ಹೊರುವವನು ಬೋಲ್ಟನನ್ನು ಮೀರಿದನಂತೆ! ನನಗಾದರೋ ಆ ಸಾಲು ವಿಸ್ಮಯವಾಗಿ ಕಾಣಲಿಲ್ಲ, ದೂರಾಗಿ ಕಂಡಿತು. ಇಡೀ ಕರಾವಳಿಗೆ ಹೆಸರಾದ ಓಟಗಾರ ವಾರದ ಮಿಕ್ಕ ದಿನಗಳಲ್ಲಿ ಕೂಲಿಗೆ ಹೋಗಬೇಕಾದರೆ ಓಟದಿಂದ ಅವನ ಹೊಟ್ಟೆ ತುಂಬುವುದಿಲ್ಲವೆಂದೇ ಅರ್ಥ. ಸರಕಾರ ಕೊಟ್ಟ 3 ಲಕ್ಷ ಬಹುಮಾನ; ಬಹುಮಾನ ಒಮ್ಮೆ ಬರುತ್ತದೆ. ಸಂಬಳವಾದರೆ ಮತ್ತೆ ಮತ್ತೆ ಬರುತ್ತದೆ.

ಕಂಬಳದ ಹಣ ಹೇಗೆ ಓಡುತ್ತದೆಂಬುದನ್ನು ಪೇಟೆಯ ವಾಚಕರಿಗೆ ಎರಡು ಮಾತಿನಲ್ಲಿ ಹೇಳಬೇಕು. ನವಂಬರಿನಿಂದ ಬೇಸಗೆಯ ಬಾಗಿಲವರೆಗೆ ವಾರವಾರವೂ ಒಂದೊಂದು ಊರಿನಲ್ಲಿ ಕಂಬಳ. ನೋಡುವವರಿಗೆ ಟಿಕೇಟಿಲ್ಲ. ಸಮಿತಿಯ ಖರ್ಚೆಲ್ಲ ದಾನಿಗಳಿಂದ, ಜಾಹೀರಾತುಗಳಿಂದ, ಅಂಗಡಿಗಳ ನೆಲಬಾಡಿಗೆಯಿಂದ, ಮುಂಬಯಿಯಲ್ಲಿ ಹೋಟೆಲು ನಡೆಸುವ ಊರವರ ಔದಾರ್ಯದಿಂದ ನಡೆಯಬೇಕು. ಕರೆಯ ಮಣ್ಣು ಹದ ಮಾಡಬೇಕು, ನೀರು ಬಿಡಬೇಕು, ರಾತ್ರಿಯಿಡೀ ದೀಪ ಉರಿಯಬೇಕು, ಬಂದವರಿಗೆಲ್ಲ ಊಟವಾಗಬೇಕು, ಗೆದ್ದ ಜೋಡಿಗೆ ಚಿನ್ನ ಕೊಡಬೇಕು. ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಎಂದು ವಿಭಾಗಗಳು ಬೇರೆ. ಮೊದಲ ಬಹುಮಾನವೆಂದರೆ ಸಾಮಾನ್ಯವಾಗಿ ಎರಡು ಪವನು, ಅಂದರೆ 16 ಗ್ರಾಂ ಚಿನ್ನ. ಎರಡನೆಯದು ಒಂದು ಪವನು. ಅದು ಸಲ್ಲುವುದು ಕೋಣಗಳ ಯಜಮಾನರಿಗೆ. ಮರುದಿನದ ಪತ್ರಿಕೆಯಲ್ಲಿ ಯಜಮಾನರ ಹೆಸರು ಮೊದಲು, 'ಓಡಿಸಿದವರು' ಎಂದು ಇನ್ನೊಂದು ಹೆಸರು ಅದರ ಕೆಳಗೆ.

ಈ ಲೆಕ್ಕದಲ್ಲಿ ಶಾಮಿಯಾನದವನ ಬಿಲ್ಲು ಉಂಟು, ಧ್ವನಿವರ್ಧಕದವನ ಬಿಲ್ಲು ಉಂಟು, ಅಡುಗೆಯವರ ಬಿಲ್ಲು ಉಂಟು. ಓಟಗಾರನ ಬಿಲ್ಲು ಮಾತ್ರ ಇಲ್ಲ. ಅವನಿಗೂ ಯಜಮಾನರಿಗೂ ಇರುವ ಏರ್ಪಾಡು ಬಾಯಿಮಾತಿನದು. ಕೆಲವು ಯಜಮಾನರು ಕೈಯೆತ್ತಿ ಕೊಡುತ್ತಾರೆ, ಓಟಗಾರನ ಮನೆಯ ಮದುವೆಗೂ ಕಾಯಿಲೆಗೂ ನಿಲ್ಲುತ್ತಾರೆ. ಅಂಥವರನ್ನು ನಾನು ಬಲ್ಲೆ. ಆದರೆ ಅದು ಅವರವರ ಗುಣ. ಗುಣದ ಮೇಲೆ ನಿಂತ ಸಂಪಾದನೆ ಮಳೆಯ ಮೇಲೆ ನಿಂತ ಬೇಸಾಯಕ್ಕಿಂತಲೂ ಅನಿಶ್ಚಿತ.

ಕಾರ್ಕಳದ ಒಂದು ಹೋಟೆಲಿನಲ್ಲಿ ಒಬ್ಬ ಹುಡುಗನೊಡನೆ ಮಾತಾಡಿದ್ದು ನೆನಪಿದೆ. ಮೂರು ವರ್ಷ ಓಡಿ, ಜಾರಿ ಬಿದ್ದು, ಮೊಣಕಾಲು ಕೆಟ್ಟು ಮನೆಯಲ್ಲಿದ್ದ. "ಒಂದು ಓಟಕ್ಕೆ ಇಷ್ಟು ಅಂತ ಮಾತಾಡಿಕೊಂಡಿರಲಿಲ್ಲವೋ?" ಎಂದೆ. ಅವನಿಗೆ ನಗು ಬಂತು. "ಅದೆಲ್ಲ ಕೇಳಲಿಕ್ಕಾಗುತ್ತದಾ ಮಾಷ್ಟ್ರೇ? ಕೇಳಿದರೆ, ಇವನಿಗೆ ದುಡ್ಡೇ ದೊಡ್ಡದು ಅಂತಾರೆ. ಮತ್ತೆ ಯಾರು ಕರೆಯುತ್ತಾರೆ?" ಕಾಫಿಯ ದುಡ್ಡನ್ನು ನನಗೆ ಕೊಡಗೊಡಿಸದೆ ತಾನೇ ಕೊಟ್ಟ.

ಅವನ ಮಾತಿನಲ್ಲಿಯೇ ನನ್ನ ಎದುರಾಳಿಗಳ ಮೊದಲನೆಯ ವಾದವಿದೆ. ಕಂಬಳ ಮರ್ಯಾದೆಯ ಆಟ, ಅದಕ್ಕೆ ಬೆಲೆ ಕಟ್ಟಬಾರದು ಎಂಬುದು ಆ ವಾದ. ಹಾಗಾದರೆ ಕೇಳುತ್ತೇನೆ: ಒಳ್ಳೆಯ ಕೋಣದ ಬೆಲೆಯನ್ನು ಲಕ್ಷಗಳಲ್ಲಿ ಹೇಳುವಾಗ ಮರ್ಯಾದೆಗೆ ಕುಂದು ಬರುವುದಿಲ್ಲವೇ? ಪ್ರಾಯೋಜಕರ ಹೆಸರನ್ನು ಗಂಟೆಗೆ ಹತ್ತು ಸಲ ಕೂಗುವಾಗ? 2023ರ ನವಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಕಂಬಳವನ್ನು ಕೊಂಡುಹೋದಾಗ ಚಿನ್ನದ ಜೊತೆಗೆ ಲಕ್ಷದ ನಗದನ್ನೂ ಇಟ್ಟೆವಲ್ಲ? ಎಲ್ಲದಕ್ಕೂ ಬೆಲೆಯಿದ್ದು ಓಡುವ ಕಾಲಿಗೆ ಮಾತ್ರ ಮರ್ಯಾದೆಯೇ ಸಾಕೆಂದರೆ, ಆ ಮರ್ಯಾದೆಯನ್ನು ಅವನು ಅಂಗಡಿಯಲ್ಲಿ ಕೊಟ್ಟು ಅಕ್ಕಿ ತರಲಾರ.

ಎರಡನೆಯ ವಾದ ಸಂಪ್ರದಾಯದ್ದು: ಹಿಂದಿನಿಂದ ಹೀಗೇ ನಡೆದು ಬಂದಿದೆ. ಹಿಂದಿನಿಂದ ನಡೆದು ಬಂದದ್ದು ಇನ್ನೇನೇನಿತ್ತೆಂಬುದನ್ನು ಮರೆಯದಿರೋಣ. ಕಂಬಳದ ಹಿಂದಿನ ರಾತ್ರಿ ಕೊರಗರನ್ನು ಮಂಜಿನಲ್ಲಿ ಕೂರಿಸಿ ಡೋಲು ಬಡಿಸುತ್ತಿದ್ದರು. 'ಪನಿಕುಲ್ಲುನಿ' ಎಂಬ ಹೆಸರೂ ಅದಕ್ಕಿತ್ತು. ಅದೂ ಸಂಪ್ರದಾಯವೇ ಆಗಿತ್ತು. 2000ದಲ್ಲಿ ಅಜಲು ಪದ್ಧತಿಯನ್ನು ಕಾನೂನು ನಿಷೇಧಿಸಿತು. ಕಂಬಳಕ್ಕೇನೂ ಆಗಲಿಲ್ಲ. ತಪ್ಪನ್ನು ಬಿಟ್ಟಷ್ಟೂ ಸಂಪ್ರದಾಯದ ಆಯುಷ್ಯ ಹೆಚ್ಚುತ್ತದೆ.

ಮೂರನೆಯ ವಾದಕ್ಕೆ ತೂಕವಿದೆ. ಅದನ್ನು ಹಗುರವಾಗಿ ತಳ್ಳಲಾರೆ. ಯಜಮಾನರಿಗೆ ತಾನೇ ಲಾಭವೆಲ್ಲಿದೆ? ವರ್ಷವಿಡೀ ಹುರುಳಿ, ಎಣ್ಣೆ, ಆರೈಕೆಯವರ ಸಂಬಳ, ಈಜಿಸಲು ಕೊಳ, ಸಾಗಿಸಲು ಲಾರಿ. ಎರಡು ಪವನು ಗೆದ್ದರೂ ಇದರ ಒಂದಂಶ ಹುಟ್ಟುವುದಿಲ್ಲ. ಒಪ್ಪಿದೆ. ಯಜಮಾನರು ನಷ್ಟವನ್ನು ತಿಳಿದೇ ಕೈಹಾಕುತ್ತಾರೆ. ಅವರಿಗೆ ಪ್ರತಿಯಾಗಿ ಊರಿನಲ್ಲಿ ಹೆಸರುಂಟು. ಆದರೆ ಹುರುಳಿಯ ಅಂಗಡಿಯವನಿಗೆ ಅವರು 'ನನಗೇ ನಷ್ಟ, ನಿನಗೆ ಕೊಡಲಾರೆ' ಎನ್ನುತ್ತಾರೆಯೇ? ಒಬ್ಬರ ಹವ್ಯಾಸದ ನಷ್ಟವನ್ನು ಇನ್ನೊಬ್ಬರ ದುಡಿಮೆಯಿಂದ ತುಂಬುವುದು ನ್ಯಾಯವಲ್ಲ.

ಹೊರಗಿನ ಲೋಕದಲ್ಲಿ ಇದು ಹೇಗಿದೆ? ಬೆಂಗಳೂರಿನ ಕುದುರೆ ಪಂದ್ಯದಲ್ಲಿ ಜಾಕಿಗೆ ಸವಾರಿಯ ಶುಲ್ಕವಿದೆ, ಗೆದ್ದ ಹಣದಲ್ಲಿ ಪಾಲಿದೆ. ಇಂಗ್ಲೆಂಡು, ಪೋಲೆಂಡುಗಳಲ್ಲಿ ಸ್ಪೀಡ್‌ವೇ ಎಂಬ ಒಂದು ಮೋಟಾರ್ ಸೈಕಲ್ ಓಟವಿದೆ. ಬ್ರೇಕೇ ಇಲ್ಲದ ಬಂಡಿಗಳ ಮೇಲೆ ನಾಲ್ವರು ಮಣ್ಣಿನ ಹಾದಿಯಲ್ಲಿ ನಾಲ್ಕು ಸುತ್ತು ಬರುತ್ತಾರೆ. ಮೊದಲು ಬಂದವನಿಗೆ 3 ಅಂಕ, ಆಮೇಲೆ 2, ಮತ್ತೆ 1, ಕೊನೆಯವನಿಗೆ ಸೊನ್ನೆ. ಸವಾರನಿಗೆ ಕ್ಲಬ್ಬು ಹಣ ಕೊಡುವುದು ಅಂಕವೊಂದಕ್ಕೆ ಇಷ್ಟೆಂಬ ಕರಾರಿನ ಮೇಲೆ. ಅಲ್ಲಿಯೂ ಸ್ವರ್ಗವಿಲ್ಲ: ಬಂಡಿಯ ಖರ್ಚನ್ನು ಸವಾರನೇ ಹೊರಬೇಕು, ಪ್ರೇಕ್ಷಕರು ಕಡಿಮೆಯಾಗಿ ಇಂಗ್ಲೆಂಡಿನ ಎಷ್ಟೋ ಕ್ಲಬ್ಬುಗಳು ಮುಚ್ಚಿಹೋಗಿವೆ. ಆದರೆ ಓಡುವ ಮೊದಲೇ ತನಗೆ ಬರತಕ್ಕದ್ದೆಷ್ಟೆಂದು ಸವಾರನಿಗೆ ತಿಳಿದಿರುತ್ತದೆ. ಆ ಒಂದು ತಿಳಿವು ನಮ್ಮ ಹುಡುಗನಿಗಿಲ್ಲ.

ಲೆಕ್ಕ ನಮಗೆ ಬಾರದ ವಿದ್ಯೆಯೂ ಅಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಪುಸ್ತಕದಲ್ಲಿ ಬರೆದುಕೊಂಡಿತು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಅದು ಕಲಿಸಿದ ಪಾಠವೂ ಜೊತೆಗೆ ಹೋಗಬೇಕಾಗಿಲ್ಲ. ಬಡವನ ಎರಡಾಣೆಗೆ ಪುಸ್ತಕವಿಟ್ಟ ಜಿಲ್ಲೆಯಲ್ಲಿ ಓಟಗಾರನ ದುಡಿಮೆಗೆ ಒಂದು ಹಾಳೆಯಿಲ್ಲವೆಂದರೆ ನಾಚಿಕೆಯ ವಿಷಯ.

ನಾನು ಕೇಳುವುದು ನಾಲ್ಕೇ. ಕೋಣಗಳ ಹೆಸರು ನೋಂದಾಯಿಸುವ ಹಾಳೆಯಲ್ಲಿಯೇ ಓಟಗಾರನಿಗೆ ಪ್ರತಿ ಓಟಕ್ಕೆ ಎಷ್ಟು, ಗೆದ್ದರೆ ಚಿನ್ನದ ಬೆಲೆಯಲ್ಲಿ ಎಷ್ಟು ಪಾಲು ಎಂಬುದನ್ನು ಯಜಮಾನರು ಬರೆದು ಸಹಿ ಹಾಕಲಿ. ಇದಕ್ಕಿಂತ ಕಡಿಮೆ ಕೂಡದೆಂಬ ಒಂದು ಗೆರೆಯನ್ನು ಸಮಿತಿಗಳು ಒಟ್ಟಾಗಿ ಎಳೆಯಲಿ. ಋತುವಿಡೀ ಸಲ್ಲುವ ವಿಮೆಯನ್ನು ಪ್ರತಿ ಓಟಗಾರನ ಹೆಸರಿನಲ್ಲಿ ಮಾಡಿಸಲಿ. ಕಂಬಳ ಮುಗಿದ ತಿಂಗಳೊಳಗೆ ಸಮಿತಿಯ ಜಮಾಖರ್ಚು ದೇವಸ್ಥಾನದ ಅಥವಾ ಪಂಚಾಯತಿನ ಹಲಗೆಯ ಮೇಲೆ ಬರಲಿ. ಮಿಯ್ಯಾರಿನ ಕಂಬಳ ಅಕಾಡೆಮಿಯಲ್ಲಿ ಗುಣಪಾಲ ಕಡಂಬರಂಥವರು ಹುಡುಗರಿಗೆ ಶಾಸ್ತ್ರೋಕ್ತವಾಗಿ ಓಟ ಕಲಿಸಿದ್ದಾರೆ. ಕಲಿಸಿದ ವಿದ್ಯೆಗೆ ಕೂಲಿಯ ಭರವಸೆಯಿಲ್ಲದಿದ್ದರೆ ಹುಡುಗ ಇಂದಲ್ಲ ನಾಳೆ ದುಬಾಯಿಯ ವಿಮಾನ ಹತ್ತುತ್ತಾನೆ; ಕೋಣ ಇಲ್ಲಿಯೇ ಉಳಿಯುತ್ತದೆ, ಓಡಿಸುವವನಿರುವುದಿಲ್ಲ.

ಮುಂದಿನ ಋತುವಿನ ಆಮಂತ್ರಣ ಪತ್ರಿಕೆಗಳು ಇನ್ನೇನು ಅಚ್ಚಾಗುತ್ತವೆ. ಮಂತ್ರಿಗಳ ಹೆಸರು, ದಾನಿಗಳ ಹೆಸರು, ಬಹುಮಾನದ ಪವನು, ಎಲ್ಲವೂ ಅದರಲ್ಲಿರುತ್ತದೆ. ಅದರ ಕೆಳಗೆ ಇನ್ನೊಂದು ಸಾಲಿಗೆ ಜಾಗ ಧಾರಾಳವಾಗಿ ಇದೆ: ಓಟಗಾರರಿಗೆ ಪ್ರತಿ ಓಟಕ್ಕೆ ಇಷ್ಟು ರೂಪಾಯಿ. ಯಾವ ಊರಿನ ಸಮಿತಿ ಆ ಸಾಲನ್ನು ಮೊದಲು ಅಚ್ಚು ಹಾಕಿಸುತ್ತದೋ ಆ ಊರಿನ ಕಂಬಳಕ್ಕೆ ನಾನು ಮೊದಲು ಹೋಗುತ್ತೇನೆ.