ಬಿಗಿತದ ಹದ

ಬ್ಯಾಟರಿಯ ಮಾತು ಬಂದಾಗ ಜನರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಅದರೊಳಗೆ ಯಾವ ವಸ್ತುವಿದೆ? ಸೀಸವೋ, ಸತುವೋ, ಲಿಥಿಯಮ್ಮೋ ಎಂದು ವಿಚಾರಿಸುತ್ತಾರೆ. ಆ ವಸ್ತುಗಳನ್ನು ಒಳಗೆ ಹೇಗೆ ಹಿಡಿದಿಡಲಾಗಿದೆ ಎಂದು ಕೇಳುವವರು ವಿರಳ. ಆದರೆ ಬ್ಯಾಟರಿಯ ಬಲ, ಬಾಳಿಕೆ, ಸುರಕ್ಷತೆ ಈ ಮೂರೂ ಎರಡನೆಯ ಪ್ರಶ್ನೆಯನ್ನು ಬಹುಮಟ್ಟಿಗೆ ಅವಲಂಬಿಸಿವೆ. ಒಳ್ಳೆಯ ವಸ್ತುವನ್ನು ಕಂಡುಹಿಡಿಯುವ ವಿದ್ಯೆಗೆ ಸಲ್ಲುವ ಗೌರವವು, ಅದನ್ನು ಹದವಾಗಿ ಬಿಗಿದಿಡುವ ವಿದ್ಯೆಗೂ ಸಲ್ಲಬೇಕು.

ಈ ವಿವೇಕ ಹೊಸದೇನೂ ಅಲ್ಲ. ಬಡಗಿಯು ಎಷ್ಟೇ ಒಳ್ಳೆಯ ಮರದಿಂದ ಎತ್ತಿನ ಗಾಡಿಯ ಚಕ್ರವನ್ನು ಮಾಡಿರಲಿ, ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಸುತ್ತಲೂ ತೊಡಿಸದಿದ್ದರೆ ಆ ಚಕ್ರವು ಹೊರೆಯನ್ನು ತಾಳದು. ಕಾದ ಪಟ್ಟಿಯು ತಣಿಯುತ್ತ ಕುಗ್ಗಿ, ಮರದ ತುಂಡುಗಳನ್ನೆಲ್ಲ ಒಂದಾಗಿ ಬಿಗಿಯುತ್ತದೆ. ಪಟ್ಟಿ ದೊಡ್ಡದಾದರೆ ಕಳಚಿ ಬೀಳುತ್ತದೆ. ತೀರ ಚಿಕ್ಕದಾದರೆ ಮರವೇ ಬಿರಿಯುತ್ತದೆ. ಸರಿಯಾದ ಅಳತೆಯನ್ನು ಬಲ್ಲವನೇ ಒಳ್ಳೆಯ ಕಮ್ಮಾರ.

ವಿದ್ಯುತ್ಕೋಶದ ಚರಿತ್ರೆಯ ಮೊದಲ ಪುಟದಲ್ಲಿಯೇ ಇಂತಹ ಅಳತೆಯ ಪ್ರಶ್ನೆ ಎದ್ದಿತು. ಇಟಲಿಯ ಪಾವಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಲೆಸ್ಸಾಂಡ್ರೊ ವೋಲ್ಟಾ ಅವರು 1800ರ ಮಾರ್ಚ್ 20ರಂದು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಅವರಿಗೆ ಪತ್ರ ಬರೆದು, ತಾವು ನಿರ್ಮಿಸಿದ ಹೊಸ ಉಪಕರಣವನ್ನು ವರ್ಣಿಸಿದರು. ಬೆಳ್ಳಿಯ ಬಿಲ್ಲೆ, ಸತುವಿನ ಬಿಲ್ಲೆ, ಇವುಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟು. ಹೀಗೆ ಒಂದರ ಮೇಲೊಂದರಂತೆ ಪೇರಿಸಿದ ಕಂಬವೇ ಆ ಉಪಕರಣ. ಬಿಲ್ಲೆಗಳ ಸಂಖ್ಯೆ ಹೆಚ್ಚಿದಂತೆ ವಿದ್ಯುತ್ತಿನ ಬಲವೂ ಹೆಚ್ಚಿತು. ಆದರೆ ಕಂಬವು ಎತ್ತರವಾದಂತೆ ಮೇಲಿನ ಬಿಲ್ಲೆಗಳ ಭಾರಕ್ಕೆ ಕೆಳಗಿನ ರಟ್ಟುಗಳು ಹಿಂಡಿಹೋದವು. ಉಪ್ಪುನೀರು ಹೊರಗೆ ಒಸರಿ ಪಕ್ಕದಲ್ಲಿ ಇಳಿಯಿತು. ವಿದ್ಯುತ್ತು ಸಲ್ಲಬೇಕಾದ ದಾರಿಯನ್ನು ಬಿಟ್ಟು ಆ ತೇವದ ಮೂಲಕ ಸೋರಿಹೋಯಿತು. ಕೆಲವೇ ಕಾಲದಲ್ಲಿ ಇಂಗ್ಲೆಂಡಿನ ವಿಲಿಯಂ ಕ್ರುಕ್‌ಶ್ಯಾಂಕ್ ಅವರು ಲೋಹದ ಫಲಕಗಳನ್ನು ಮರದ ತೊಟ್ಟಿಯೊಂದರಲ್ಲಿ ಸಾಲಾಗಿ ನಿಲ್ಲಿಸಿ, ನಡುವಣ ತೆರಪುಗಳಲ್ಲಿ ದ್ರವವನ್ನು ತುಂಬಿದರು. ಭಾರ ಹೊರುವ ಕಷ್ಟ ತಪ್ಪಿತು. ಇಲ್ಲಿ ಲೋಹಗಳು ಬದಲಾಗಬೇಕಾದ ಅಗತ್ಯವಿರಲಿಲ್ಲ. ಅವುಗಳನ್ನು ಇರಿಸಿದ ಕ್ರಮವನ್ನು ಬದಲಿಸಿದ್ದೇ ಸಾಕಾಯಿತು.

ಇಂದಿನ ಲಿಥಿಯಂ-ಅಯಾನು ಕೋಶದಲ್ಲಿ ಈ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗಿದೆ. ಗ್ರಾಫೈಟ್ ಲೇಪಿಸಿದ ತಾಮ್ರದ ತೆಳು ಹಾಳೆಯು ಋಣ ವಿದ್ಯುದ್ವಾರ. ಲಿಥಿಯಂ ಸಂಯುಕ್ತವನ್ನು ಲೇಪಿಸಿದ ಅಲ್ಯೂಮಿನಿಯಂ ಹಾಳೆಯು ಧನ ವಿದ್ಯುದ್ವಾರ. ಇವೆರಡೂ ಒಂದನ್ನೊಂದು ಮುಟ್ಟದಂತೆ ನಡುವೆ ಸೂಕ್ಷ್ಮ ರಂಧ್ರಗಳಿರುವ ಪ್ಲಾಸ್ಟಿಕ್ ಹಾಳೆಯಿರುತ್ತದೆ. ಅದರ ದಪ್ಪ ಸುಮಾರು 20 ಮೈಕ್ರೊಮೀಟರ್, ತಲೆಗೂದಲಿಗಿಂತಲೂ ತೆಳು. ಇಂತಹ ಹಲವಾರು ಪದರಗಳನ್ನು ಪೇರಿಸಿ ಅಥವಾ ಸುರುಳಿ ಸುತ್ತಿ, ದ್ರವವನ್ನು ತುಂಬಿ ಮುಚ್ಚುತ್ತಾರೆ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ರಂಧ್ರಗಳ ಮೂಲಕ ಹಾಯ್ದು ಗ್ರಾಫೈಟಿನ ಪದರಗಳ ನಡುವೆ ಸೇರುತ್ತವೆ. ಆಗ ಗ್ರಾಫೈಟಿನ ಗಾತ್ರವು ಶೇಕಡ 10ರಷ್ಟು ಹಿಗ್ಗುತ್ತದೆ. ವಿದ್ಯುತ್ತನ್ನು ಬಳಸಿದಾಗ ಮತ್ತೆ ಕುಗ್ಗುತ್ತದೆ. ನಿಶ್ಚಲವಾಗಿ ಕಾಣುವ ಕೋಶವು ಒಳಗೊಳಗೇ ಉಸಿರಾಡುತ್ತಿರುತ್ತದೆ ಎನ್ನಬಹುದು.

ಹೀಗೆ ಹಿಗ್ಗಿ ಕುಗ್ಗುವ ಪದರಗಳನ್ನು ಹಿಡಿದಿಡುವವರಿಲ್ಲದಿದ್ದರೆ ಅವು ಕ್ರಮೇಣ ಒಂದನ್ನೊಂದು ಬಿಟ್ಟು ಸರಿಯುತ್ತವೆ. ಅಯಾನುಗಳ ದಾರಿ ಅಲ್ಲಲ್ಲಿ ಕಡಿದುಹೋಗುತ್ತದೆ. ಒಂದು ಭಾಗವು ಸುಮ್ಮನೆ ಕುಳಿತರೆ ಇನ್ನೊಂದು ಭಾಗವು ಇಮ್ಮಡಿ ದುಡಿದು ಬೇಗ ಸವೆಯುತ್ತದೆ. ಹಾಗೆಂದು ಬಲವಾಗಿ ಅದುಮಿಟ್ಟರೆ ನಡುವಣ ಹಾಳೆಯ ರಂಧ್ರಗಳೇ ಮುಚ್ಚಿಹೋಗುತ್ತವೆ. ಆಗ ಲಿಥಿಯಂ ಕೆಲವು ಕಡೆ ಒಳಸೇರದೆ ಲೋಹವಾಗಿ ಮೇಲೆಯೇ ಶೇಖರವಾಗಬಹುದು. ಅದು ಅಪಾಯಕ್ಕೆ ದಾರಿ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಸ್ಪಷ್ಟವಾಗಿ ತೋರಿಸಿತು. ಅಲ್ಪ ಒತ್ತಡದಲ್ಲಿ ಇರಿಸಿದ ಕೋಶಗಳು, ಒತ್ತಡವೇ ಇಲ್ಲದ ಕೋಶಗಳಿಗಿಂತ ಹೆಚ್ಚು ಕಾಲ ತಮ್ಮ ಶಕ್ತಿಯನ್ನು ಉಳಿಸಿಕೊಂಡವು. ಅತಿಯಾಗಿ ಒತ್ತಿದ ಕೋಶಗಳು ಬೇಗನೆ ಕುಂದಿದವು. ಅತಿಯಾದರೆ ಅಮೃತವೂ ವಿಷವೆಂಬ ಹಿರಿಯರ ಮಾತು ಪ್ರಯೋಗಶಾಲೆಯಲ್ಲಿಯೂ ನಿಜವಾಯಿತು.

ಈ ಹದವನ್ನು ಸಾಧಿಸಲು ಹಲವು ಉಪಾಯಗಳಿವೆ. ಉರುಳೆಯಾಕಾರದ ಕೋಶದಲ್ಲಿ ಉಕ್ಕಿನ ಡಬ್ಬಿಯೇ ಸುರುಳಿಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಮೆತ್ತನೆಯ ಚೀಲದಂತಹ ಕೋಶದಲ್ಲಿ ಒಳಗಿನ ಗಾಳಿಯನ್ನು ತೆಗೆದು ಮುಚ್ಚುವುದರಿಂದ ಹೊರಗಿನ ವಾತಾವರಣವೇ ಪದರಗಳನ್ನು ಒತ್ತಿ ಹಿಡಿಯುತ್ತದೆ. ವಿದ್ಯುತ್ ವಾಹನಗಳಲ್ಲಿ ಅನೇಕ ಕೋಶಗಳನ್ನು ಸಾಲಾಗಿ ಜೋಡಿಸಿ, ಎರಡು ತುದಿಗಳಲ್ಲಿ ಗಟ್ಟಿ ಫಲಕಗಳನ್ನಿಟ್ಟು ಪಟ್ಟಿಗಳಿಂದಲೋ ಬೋಲ್ಟುಗಳಿಂದಲೋ ಬಿಗಿಯುವ ರೂಢಿಯುಂಟು. ಕೋಶಗಳ ನಡುವೆ ಮೆತ್ತನೆಯ ಫೋಮ್ ಹಾಳೆಗಳನ್ನು ಇಡುತ್ತಾರೆ. ಕೋಶವು ಹಿಗ್ಗಿದಾಗ ಫೋಮ್ ಕುಗ್ಗುತ್ತದೆ. ಕೋಶವು ಕುಗ್ಗಿದಾಗ ಫೋಮ್ ಹಿಗ್ಗುತ್ತದೆ. ಹಿಡಿತವೂ ತಪ್ಪದು, ಹಿಂಸೆಯೂ ಆಗದು.

ಫಲಕ, ಪಟ್ಟಿ, ಫೋಮ್ ಇವು ಒಂದು ಕಣದಷ್ಟು ವಿದ್ಯುತ್ತನ್ನೂ ಸಂಗ್ರಹಿಸುವುದಿಲ್ಲ, ವಾಹನಕ್ಕೆ ಭಾರವನ್ನೂ ಬೆಲೆಯನ್ನೂ ಹೆಚ್ಚಿಸುತ್ತವೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಕಡಿಮೆ ಒತ್ತಡದಲ್ಲಿ ಚೆನ್ನಾಗಿ ನಡೆಯುವ ಕೋಶಗಳನ್ನು ರೂಪಿಸುವುದು ಯೋಗ್ಯವಾದ ಗುರಿ. ಆದರೆ ಅಂತಹ ಕೋಶ ಕೈಗೆ ಬರುವ ಮೊದಲೇ ಹಿಡಿತವನ್ನೂ ತೆರಪನ್ನೂ ಮೊಟಕುಗೊಳಿಸುವುದು ಉಳಿತಾಯವೆನಿಸದು. 2016ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯ ಗ್ಯಾಲಕ್ಸಿ ನೋಟ್ 7 ಎಂಬ ಮೊಬೈಲ್ ಫೋನುಗಳು ಹೊತ್ತಿಕೊಂಡದ್ದರಿಂದ ಅವನ್ನು ಲೋಕದಾದ್ಯಂತ ಹಿಂದಕ್ಕೆ ಪಡೆಯಬೇಕಾಯಿತು. ಅವುಗಳಲ್ಲಿ ಎರಡು ಬಗೆಯ ಬ್ಯಾಟರಿಗಳಿದ್ದವು. ಒಂದು ಬಗೆಯ ಬ್ಯಾಟರಿಯ ಹೊರಚೀಲದ ಮೂಲೆಯಲ್ಲಿ ಸಾಕಷ್ಟು ಸ್ಥಳವಿಲ್ಲದೆ ಋಣ ವಿದ್ಯುದ್ವಾರದ ಅಂಚು ಬಾಗಿತ್ತೆಂದು 2017ರಲ್ಲಿ ಪ್ರಕಟವಾದ ತನಿಖೆ ತಿಳಿಸಿತು. ಕೂದಲೆಳೆಯಷ್ಟು ತೆರಪಿನ ಅಲಕ್ಷ್ಯಕ್ಕೆ ತೆತ್ತ ಬೆಲೆ ಅಲ್ಪವಲ್ಲ.

ಲಿಥಿಯಂ-ಅಯಾನು ಬ್ಯಾಟರಿಯ ಬೆಳವಣಿಗೆಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದು ಯೋಗ್ಯರಿಗೆ ಸಂದ ಗೌರವ. ಅವರ ಕಾಣಿಕೆಯು ಮನೆಮನೆಗೆ ತಲಪಬೇಕಾದರೆ ಹಾಳೆಗಳನ್ನು ಸಮವಾಗಿ ಪೇರಿಸುವವರು, ಒತ್ತಡವನ್ನು ಅಳೆಯುವವರು, ಬೋಲ್ಟನ್ನು ಸರಿಯಾದ ಬಲದಿಂದ ತಿರುಗಿಸುವವರು ಬೇಕು. ಮುಂದೆ ಇವರ ಅವಶ್ಯಕತೆ ಇನ್ನೂ ಹೆಚ್ಚಲಿದೆ. ಗ್ರಾಫೈಟಿಗೆ ಬದಲು ಬಳಸಬಯಸುವ ಸಿಲಿಕಾನ್, ಪೂರ್ಣ ಚಾರ್ಜಿನಲ್ಲಿ ಮೂರು ಪಟ್ಟಿಗಿಂತಲೂ ಹೆಚ್ಚು ಹಿಗ್ಗುತ್ತದೆ. ದ್ರವವಿಲ್ಲದ ಘನಕೋಶಗಳಲ್ಲಿ ಪದರಗಳ ನಡುವಣ ಬಿರುಕನ್ನು ತುಂಬಲು ದ್ರವವೇ ಇರುವುದಿಲ್ಲ. ಅಲ್ಲಿ ಎಲ್ಲವೂ ಬಿಗಿತವನ್ನೇ ನಂಬಿದೆ. ಆದುದರಿಂದ ಬ್ಯಾಟರಿಯ ಕಾರ್ಖಾನೆಗಳನ್ನು ಕಟ್ಟಲು ಹೊರಟ ದೇಶವು ರಸಾಯನಶಾಸ್ತ್ರಜ್ಞರನ್ನು ತಯಾರುಮಾಡಿದರೆ ಸಾಲದು. ಅಳತೆಯಲ್ಲಿ ಶ್ರದ್ಧೆಯುಳ್ಳ ಕುಶಲಕರ್ಮಿಗಳನ್ನೂ ತಯಾರುಮಾಡಬೇಕು. ಅವರ ಕೆಲಸವನ್ನು ಕೀಳೆಂದು ಎಣಿಸುವ ಅಭ್ಯಾಸವನ್ನು ಬಿಡಬೇಕು.

ವಿದ್ಯಾರ್ಥಿಗಳೂ ತಿಳಿಯಬೇಕಾದ ಮಾತೊಂದಿದೆ. ಹಳೆಯ ಮೊಬೈಲ್ ಫೋನಿನ ಬ್ಯಾಟರಿ ಕೆಲವೊಮ್ಮೆ ಉಬ್ಬುತ್ತದೆ. ಒಳಗೆ ಅನಿಲ ಹುಟ್ಟಿ ಪದರಗಳ ಹಿಡಿತ ತಪ್ಪಿದುದರ ಗುರುತು ಅದು. ಅದನ್ನು ಕೈಯಿಂದ ಅದುಮಿ ಮುಚ್ಚಳ ಹಾಕಲು ಯತ್ನಿಸುವವರೂ, ಸೂಜಿಯಿಂದ ಚುಚ್ಚುವವರೂ ಇದ್ದಾರೆ. ಎರಡೂ ಬೆಂಕಿಗೆ ಆಹ್ವಾನವಿತ್ತಂತೆ. ಹದ ತಪ್ಪಿದ ಮೇಲೆ ಬಲಪ್ರಯೋಗದಿಂದ ಅದು ಮರಳಿ ಬಾರದು. ಅಂತಹ ಬ್ಯಾಟರಿಯನ್ನು ಬಳಸದೆ, ಬಲ್ಲವರ ಕೈಗೆ ಒಪ್ಪಿಸುವುದೇ ಸರಿ.

ಗಾಡಿಯ ಚಕ್ರವು ಉರುಳುವಾಗ ನೋಡುವವರ ಕಣ್ಣು ಹೊರೆಯ ಮೇಲಿರುತ್ತದೆ, ಎತ್ತುಗಳ ಮೇಲಿರುತ್ತದೆ. ಪಟ್ಟಿಯನ್ನು ಯಾರೂ ನೋಡುವುದಿಲ್ಲ. ಅದು ಸಡಿಲಾದ ದಿನ ಮಾತ್ರ ಎಲ್ಲರಿಗೂ ಅದರ ನೆನಪಾಗುತ್ತದೆ. ಅಂತಹ ದಿನ ಬರುವ ಮುನ್ನವೇ ಅದರ ಬೆಲೆಯನ್ನು ಅರಿಯುವುದು ಜಾಣರ ಲಕ್ಷಣ.