ಬಂಡಿಯ ತಿಂಡಿಯೂ ಊರಿನ ಎಲ್ಲೆಯೂ

ಬೀದಿಬದಿಯ ವ್ಯಾಪಾರಿಗಳಿಗೆ ಒತ್ತೆಯಿಲ್ಲದೆ ಸಾಲ ದೊರಕಿಸುವ ಪಿ.ಎಂ. ಸ್ವನಿಧಿ ಯೋಜನೆಯನ್ನು 2030ರ ಮಾರ್ಚ್ 31ರ ವರೆಗೆ ಮುಂದುವರಿಸಲು ಕೇಂದ್ರ ಮಂತ್ರಿಮಂಡಲವು 2025ರ ಆಗಸ್ಟ್ ತಿಂಗಳಲ್ಲಿ ನಿರ್ಣಯಿಸಿತು. ಸಾಲದ ಮೊದಲನೆಯ ಕಂತು 10,000 ರೂಪಾಯಿಗಳಿಂದ 15,000ಕ್ಕೂ, ಎರಡನೆಯದು 20,000ದಿಂದ 25,000ಕ್ಕೂ ಏರಿತು. ಮೂರನೆಯದು 50,000ವಾಗಿಯೇ ಉಳಿಯಿತು. ಎಲ್ಲರ ಕಣ್ಣಿಗೆ ಬೀಳತಕ್ಕವು ಈ ಅಂಕಿಗಳೇ. ಆದರೆ ಅದೇ ನಿರ್ಣಯದ ಒಂದು ಮೂಲೆಯಲ್ಲಿರುವ ಮಾತು ಇವುಗಳಿಗಿಂತ ತೂಕವಾದದ್ದೆಂದು ನಮ್ಮ ಮತ. ಪಟ್ಟಣಗಳ ಎಲ್ಲೆಯೊಳಗೆ ನಡೆಯುತ್ತ ಬಂದ ಈ ಯೋಜನೆಯನ್ನು ಜನಗಣತಿಯ ಲೆಕ್ಕದ ಪಟ್ಟಣಗಳಿಗೂ ನಗರಗಳ ಅಂಚಿನ ಪ್ರದೇಶಗಳಿಗೂ ಹಂತಹಂತವಾಗಿ ವಿಸ್ತರಿಸುವದಾಗಿ ಅದರಲ್ಲಿ ಹೇಳಿದೆ. ಈ ಅಂಚು ಎಲ್ಲಿಯವರೆಗೆ ಹಬ್ಬತಕ್ಕದ್ದು? ಸಿಂಧನೂರಿನ ಸುತ್ತಲಿನ ಕ್ಯಾಂಪುಗಳವರೆಗೆ ಹಬ್ಬುವದೇ? ಇದೇ ನಮ್ಮ ಪ್ರಶ್ನೆ.

ಆರ್.ಎಚ್. ಕ್ಯಾಂಪುಗಳ ವೃತ್ತಾಂತವನ್ನು ರಾಯಚೂರ ಜಿಲ್ಲೆಯ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅಂದಿನ ಪೂರ್ವ ಪಾಕಿಸ್ತಾನದಲ್ಲಿ ಮನೆಮಾರು ಕಳೆದುಕೊಂಡು ಬಂದ ಬಂಗಾಲಿ ಹಿಂದೂ ಕುಟುಂಬಗಳನ್ನು ಸರಕಾರದವರು ತುಂಗಭದ್ರೆಯ ಎಡದಂಡೆ ಕಾಲುವೆಯ ಸೀಮೆಯಲ್ಲಿ ಭೂಮಿ ಕೊಟ್ಟು ನೆಲೆಗೊಳಿಸಿದರು. ಪುನರ್ವಸತಿಯೆಂಬ ಅರ್ಥದ ಇಂಗ್ಲೀಷ ಶಬ್ದದ ತುಂಡೇ ಊರಿನ ಹೆಸರಾಗಿ ನಿಂತುಬಿಟ್ಟಿತು. ಕ್ಯಾಂಪು ಎಂದರೆ ನಾಳೆ ಕಿತ್ತುವ ಡೇರೆ. ಇಲ್ಲಿಯಾದರೋ ಮೊಮ್ಮಕ್ಕಳು ಹುಟ್ಟಿ ಬೆಳೆದರೂ ಊರಿಗೆ ಊರೆಂಬ ಹೆಸರು ಬರಲಿಲ್ಲ. ನಾಗರಿಕತ್ವದ ಕಾಗದಕ್ಕಾಗಿ ಇಲ್ಲಿಯ ಅನೇಕರು ದಶಕಗಳವರೆಗೆ ಕಾಯ್ದರು. 2019ರ ತಿದ್ದುಪಡಿ ಕಾಯದೆಗೆ ನಿಯಮಗಳು ಹೊರಟದ್ದು 2024ರ ಮಾರ್ಚಿನಲ್ಲಿ. ಕಾಗದವಿಲ್ಲದವನ ಪಾಡು ಏನೆಂಬುದನ್ನು ಈ ಜನರಿಗೆ ಯಾರೂ ಬೋಧಿಸಬೇಕಾಗಿಲ್ಲ.

ತಿನಿಸಿನ ವಿಷಯದಲ್ಲಿ ಮಾತ್ರ ಬಂದವರಿಗೂ ಇದ್ದವರಿಗೂ ನಡುವೆ ದುಭಾಷಿ ಬೇಕಾಗಲಿಲ್ಲ. ಎರಡೂ ಕಡೆಯವರದು ಭತ್ತದ ನಾಡು. ನಮ್ಮವರು ಮಂಡಾಳನ್ನು ನೀರಿನಲ್ಲಿ ನೆನೆಸಿ ಹಿಂಡಿ, ಒಗ್ಗರಣೆ ಹಾಕಿ, ಪುಠಾಣಿ ಪುಡಿ ಉದುರಿಸಿ, ಪಕ್ಕಕ್ಕೆ ಬಿಸಿ ಮಿರ್ಚಿ ಭಜಿ ಇಟ್ಟು ಕೊಡುವರು. ಹುಬ್ಬಳ್ಳಿ-ಧಾರವಾಡಗಳಲ್ಲಿ ಇದರ ದಾಯಾದಿಯೇ ಗಿರಮಿಟ್. ವಂಗದೇಶದವರು ಅದೇ ಮಂಡಾಳನ್ನು ನೆನೆಸದೆ, ಸಾಸಿವೆಯೆಣ್ಣೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಶೇಂಗಾ ಬೆರೆಸಿ ಕಾಗದದ ಸುರುಳಿಯಲ್ಲಿ ತುಂಬಿ ಝಾಲಮುಡಿ ಎನ್ನುವರು. ಗಂಗೆಯ ಬಾಯಿಂದ ತುಂಗಭದ್ರೆಯ ದಂಡೆಯವರೆಗೆ ಬಡವನ ಸಂಜೆಯ ಹಸಿವೆಗೆ ಔಷಧ ಒಂದೇ ಎಂದಂತಾಯಿತು. ಇನ್ನು ಬ್ರೆಡ್ ಆಮ್ಲೆಟ್ ಮತ್ತು ಪಾವಿನ ನಡುವೆ ಸೇರಿಸಿದ ವಡೆ, ಇವಂತೂ ಯಾವ ಪ್ರಾಂತದ ಸ್ವತ್ತೂ ಆಗಿ ಉಳಿದಿಲ್ಲ.

ಈಗ ಬೆಂಗಳೂರಿನಲ್ಲಿ ಫುಡ್ ಟ್ರಕ್ ಎಂಬ ವಾಹನದ ಮುಂದೆ ನಿಂತು ಸ್ಯಾಂಡ್‌ವಿಚ್ ತಿನ್ನುವದು ಸುಶಿಕ್ಷಿತ ತರುಣರ ವಿಲಾಸವಾಗಿದೆ. ಅದರ ಬಗ್ಗೆ ನಮಗೆ ಮತ್ಸರವಿಲ್ಲ. ಬನ್ನನ್ನು ಸೀಳಿ, ಬೆಣ್ಣೆ ಸವರಿ, ಖಾರದ ಕಾಂಗ್ರೆಸ್ ಕಡಲೆಕಾಯಿ ತುಂಬಿ ಕೊಡುವ ಬೇಕರಿಗಳು ಅದೇ ನಗರದಲ್ಲಿ ಬಹುಕಾಲದಿಂದ ಇವೆ. ಅದು ಸ್ಯಾಂಡ್‌ವಿಚ್ ಅಲ್ಲವೆಂದು ವಾದಿಸಲು ಯಾವ ಪಂಡಿತನಿಂದಲೂ ಆಗದು. ಆದರೆ ಈ ವಾಹನದ ಮೂಲವು ವಿಲಾಸದಲ್ಲಿಲ್ಲವೆಂಬುದನ್ನು ನೆನೆಯಬೇಕು. 1872ರಲ್ಲಿ ಅಮೇರಿಕದ ಪ್ರಾವಿಡೆನ್ಸ್ ನಗರದಲ್ಲಿ ವಾಲ್ಟರ್ ಸ್ಕಾಟ್ ಎಂಬವನು ಕುದುರೆಗಾಡಿಯಲ್ಲಿ ಸ್ಯಾಂಡ್‌ವಿಚ್ಚನ್ನೂ ಕಾಫಿಯನ್ನೂ ಇಟ್ಟುಕೊಂಡು ವೃತ್ತಪತ್ರದ ಕಚೇರಿಯ ಮಗ್ಗುಲಲ್ಲಿ ನಿಲ್ಲುತ್ತಿದ್ದನು. ಖಾನಾವಳಿಗಳು ಬಾಗಿಲಿಕ್ಕಿದ ಮೇಲೆ ರಾತ್ರಿಪಾಳಿಯ ಅಚ್ಚುಕೂಟದ ಕೆಲಸಗಾರರಿಗೆ ಅವನೇ ಗತಿ. ವೃತ್ತಪತ್ರದವರಾದ ನಮಗೆ ಈ ಸಂಗತಿಯಲ್ಲಿ ತುಸು ಅಭಿಮಾನವಿದ್ದರೆ ವಾಚಕರು ಮನ್ನಿಸಬೇಕು. ಮುಂದೆ 1980ರ ದಶಕದಲ್ಲಿ ವಿಯೆಟ್ನಾಮಿನಿಂದ ನಿರಾಶ್ರಿತರಾಗಿ ಬಂದ ಲೀ ಎಂಬ ಮನೆತನದವರು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ತಿಂಡಿಯ ಟ್ರಕ್ಕುಗಳಿಂದ ವ್ಯಾಪಾರ ಆರಂಭಿಸಿ, ತಮ್ಮ ನಾಡಿನ ಬಾನ್ ಮೀ ಎಂಬ ಸ್ಯಾಂಡ್‌ವಿಚ್ಚಿನ ಅಂಗಡಿಗಳ ದೊಡ್ಡ ಸಾಲನ್ನೇ ಕಟ್ಟಿದರು. ನೆಲ ಕಳೆದುಕೊಂಡವನಿಗೆ ಗಾಲಿಯ ಮೇಲಿನ ಅಡಿಗೆಮನೆಯು ಮೊದಲನೆಯ ಬಂಡವಲ. ಸ್ಯಾನ್ ಹೋಸೆಗೆ ಒಪ್ಪುವ ಈ ಮಾತು ಸಿಂಧನೂರಿಗೆ ಒಪ್ಪದಿರಲು ಕಾರಣವಿಲ್ಲ.

ಕಾರಣವಿದ್ದರೆ ಅದು ಕಾಯದೆಯ ಎಲ್ಲೆಯಲ್ಲಿದೆ. 1989ರಲ್ಲಿ ಸೋದನ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಬೀದಿಬದಿಯ ವ್ಯಾಪಾರವು ಯೋಗ್ಯ ನಿರ್ಬಂಧಗಳಿಗೆ ಒಳಪಟ್ಟು ಸಂವಿಧಾನವಿತ್ತ ಹಕ್ಕೇ ಆಗಿದೆಯೆಂದು ತೀರ್ಮಾನಿಸಿತು. ಅದಕ್ಕೆ ಕಾಯದೆಯ ರೂಪ ಬರಲು 25 ವರುಷ ಹಿಡಿದವು. 2014ರ ಬೀದಿಬದಿ ವ್ಯಾಪಾರಿಗಳ ಕಾಯದೆಯು ನಿಜವಾಗಿಯೂ ಒಳ್ಳೆಯದು. ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಕೂಡದು. ಎಬ್ಬಿಸಬೇಕಾದರೆ 30 ದಿನಗಳ ನೋಟೀಸು ಕೊಡಬೇಕು. ಜಪ್ತಿ ಮಾಡಿದ ಸರಕು ಕೆಡುವಂಥದಾದರೆ ಕೇಳಿದ ದಿನವೇ ಮರಳಿಸಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಾಲ್ವತ್ತಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ವ್ಯಾಪಾರಿಗಳವೇ ಇರಬೇಕು, ಅವುಗಳಲ್ಲಿ ಮೂರನೆಯ ಒಂದು ಪಾಲು ಸ್ತ್ರೀಯರದು. ಜನಸಂಖ್ಯೆಯ ನೂರಕ್ಕೆ ಎರಡೂವರೆಯಷ್ಟು ವ್ಯಾಪಾರಿಗಳಿಗೆ ಊರು ಸ್ಥಳ ಮಾಡಿಕೊಡಬೇಕೆಂಬ ಗಣಿತವೂ ಅದರಲ್ಲಿದೆ. ಲಕ್ಷ ಜನರ ಊರಿನಲ್ಲಿ 2,500 ಮಂದಿ.

ಆದರೆ ಇದೆಲ್ಲ ನಗರ-ಪಟ್ಟಣಗಳ ಮಾತು. ಕ್ಯಾಂಪುಗಳು ಗ್ರಾಮಗಳು. ಕ್ಯಾಂಪಿನವನು ಬಂಡಿಯನ್ನು ಸಿಂಧನೂರ ಪೇಟೆಗೆ ತಂದು ನಿಲ್ಲಿಸಿದರೆ ನಗರಸಭೆಯ ಶಿಫಾರಸುಪತ್ರದಿಂದ ಸ್ವನಿಧಿಯ ಸಾಲ ಪಡೆಯಲು 2020ರ ಮೂಲ ನಿಯಮಗಳಲ್ಲಿಯೇ ದಾರಿಯಿತ್ತು. ಅವನೇ ತನ್ನೂರ ಕೂಡುರಸ್ತೆಯಲ್ಲಿ ಬಂಡಿ ಹೂಡಿದರೆ ಸಮೀಕ್ಷೆಯಿಲ್ಲ, ಪ್ರಮಾಣಪತ್ರವಿಲ್ಲ, ನೋಟೀಸಿನ ರಕ್ಷಣೆಯೂ ಇಲ್ಲ. ಸಂತೆ-ಅಂಗಡಿಗಳ ಮೇಲೆ ಗ್ರಾಮ ಪಂಚಾಯತಿಗೆ 1993ರ ಪಂಚಾಯತ್ ರಾಜ್ ಕಾಯದೆಯು ಅಧಿಕಾರ ಕೊಟ್ಟಿದೆ. ಬಂಡಿಯವನಿಗೆ ಮಾತ್ರ ಪಂಚಾಯತಿಯ ಎದುರಿಗೆ ಯಾವ ಅಧಿಕಾರವೂ ಇಲ್ಲ. ಟ್ರಕ್ಕಿನವನು 1988ರ ಮೋಟಾರು ವಾಹನ ಕಾಯದೆಯ 52ನೆಯ ಕಲಮಿನಂತೆ ವಾಹನದ ಮಾರ್ಪಾಡಿಗೆ ಅನುಮತಿ ಪಡೆದು ನಂಬರು ಹಲಗೆ ತೂಗಹಾಕಿ ತಿರುಗುವನು. ನಾಲ್ಕು ಸೈಕಲ್ ಗಾಲಿಗಳ ಬಂಡಿಗೆ ಸರಕಾರದ ಯಾವ ಪುಸ್ತಕದಲ್ಲಿಯೂ ಪುಟವಿಲ್ಲ. ಹಳ್ಳಿಯವನು ಹಳ್ಳಿಯಲ್ಲಿಯೇ ಉದ್ಯೋಗ ಹೂಡಲಿ, ನಗರಕ್ಕೆ ನುಗ್ಗದಿರಲಿ ಎಂದು ಉಪನ್ಯಾಸ ಮಾಡುವವರು, ಅವನನ್ನು ನಗರಕ್ಕೆ ತಳ್ಳುವ ಈ ನಿಯಮವನ್ನು ಎಂದಾದರೂ ಓದಿದ್ದಾರೆಯೇ?

ಬಂಡಿಯ ತಿಂಡಿ ಹೊಲಸೆಂಬ ಆಕ್ಷೇಪವನ್ನು ಹಾರಿಸಿ ಮುಂದುವರಿಯುವದು ಪ್ರಾಮಾಣಿಕತನವಾಗದು. 2024ರ ಮಾರ್ಚಿನಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯವರು ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ ಕೃತಕ ಬಣ್ಣ ಕಂಡುಬಂದಿತು. ಬಣ್ಣವನ್ನು ನಿಷೇಧಿಸಿದ್ದು ಯೋಗ್ಯವೇ ಆಯಿತು. ಕೂಸುಗಳ ಹೊಟ್ಟೆಗೆ ವಿಷವಿಕ್ಕುವವನು ಬಡವನೆಂದು ಬಿಡಲಾಗದು. ಆದರೆ ಶುದ್ಧತೆಗೆ ಬೇಕಾದದ್ದು ನಳದ ನೀರು, ಕಸದ ತೊಟ್ಟಿ, ದೀಪ ಮತ್ತು ನಾಳೆಯೂ ಅಲ್ಲಿಯೇ ನಿಲ್ಲಬಹುದೆಂಬ ಭರವಸೆ. ಇಂದು ಇಲ್ಲಿ, ನಾಳೆ ಎಲ್ಲಿಯೋ ಎಂಬವನು ಗಾಜಿನ ಪೆಟ್ಟಿಗೆಗೆ ಹಣ ಹಾಕಲಾರನು. ಸರಕಾರವು ಆಹಾರ ಸುರಕ್ಷತಾ ನೋಂದಣಿಗಾಗಿ ಅವನ ಬಂಡಿಯ ಬಳಿಗೇ ಒಬ್ಬ ಗುಮಾಸ್ತನನ್ನು ಕಳಿಸಿದರೆ ಬೊಕ್ಕಸವೇನೂ ಬರಿದಾಗದು.

ವಿಸ್ತರಿಸಿದ ಯೋಜನೆಯಂತೆ ಅಂಚಿನ ಪ್ರದೇಶಗಳ ಯಾದಿ ಸಿದ್ಧವಾಗುವಾಗ ಸಿಂಧನೂರ ನಗರಸಭೆಯವರೂ ಜಿಲ್ಲಾಧಿಕಾರಿಗಳೂ ಕ್ಯಾಂಪುಗಳ ಹೆಸರನ್ನು ಒಂದೊಂದಾಗಿ ಬರೆದು ಕಳಿಸಬೇಕು. ಲಿಂಗಸೂಗೂರು, ಮಸ್ಕಿಗಳ ಸುತ್ತಲಿನ ಊರುಗಳ ಮಾತೂ ಇದೇ. ಅಷ್ಟರವರೆಗೆ ಪಂಚಾಯತಿಯವರು ತಮ್ಮ ಅಧಿಕಾರದಿಂದಲೇ ರಸ್ತೆಯ ಬದಿಗೆ ಸ್ಥಳ ಗುರುತಿಸಿ, ಒಂದು ನಳ ಹಾಕಿಸಿ, ಬಂಡಿಯವರಿಗೆ ಪಂಚಾಯತಿಯ ಮೊಹರಿನ ಚೀಟಿ ಕೊಡಲು ಯಾವ ಕಾಯದೆಯೂ ಅಡ್ಡ ಬರುವದಿಲ್ಲ. ಬರುವ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಬೇಕೆಂದು ಆಯಾ ಪಂಚಾಯತಿಗಳ ಅಧ್ಯಕ್ಷರನ್ನು ಕೇಳಿಕೊಳ್ಳುತ್ತೇವೆ.