ಒಂದೇ ವಿಳಾಸ, ಬೇರೆ ಬೇರೆ ಖಾನೆ

ಸಹೋದರಿಯರೇ, ನಿಮ್ಮ ಮನೆಗೆ ಇರುವುದು ಒಂದೇ ಇಮೇಲ್ ವಿಳಾಸ. ಮಗನ ಶಾಲೆಗೂ ಅದನ್ನೇ ಕೊಟ್ಟಿದ್ದೀರಿ, ಬ್ಯಾಂಕಿಗೂ ಅದನ್ನೇ. ಗಲ್ಫ್‌ನಲ್ಲಿರುವ ಯಜಮಾನರ ವೀಸಾ ಕಾಗದ ಬರುವುದೂ ಅಲ್ಲಿಗೇ, ಚೂಡಿದಾರ್ ಅಂಗಡಿಯ ಜಾಹೀರಾತು ಬಂದು ಬೀಳುವುದೂ ಅಲ್ಲಿಗೇ. ಹೌದು ತಾನೇ?

ನಮ್ಮ ಪಡುಬಿದ್ರಿಯಲ್ಲೇ ನಡೆದದ್ದನ್ನು ಹೇಳುತ್ತೇನೆ. ನಾನು ಕಲಿಸಿದ ಹುಡುಗಿಯೊಬ್ಬಳಿಗೆ ಕಳೆದ ವರ್ಷ ಕಾಲೇಜೊಂದರಿಂದ ಮೇಲ್ ಬಂತು. ನಾಲ್ಕು ದಿನದೊಳಗೆ ಸೀಟು ಖಚಿತಪಡಿಸಬೇಕಿತ್ತು. ಅವಳು ಅದನ್ನು ಕಂಡದ್ದು ಆರನೆಯ ದಿನ, ರಿಯಾಯಿತಿ ಮಾರಾಟದ ಜಾಹೀರಾತುಗಳ ರಾಶಿಯಡಿ. "ಕಾಗದವಾಗಿದ್ದರೆ ಪೋಸ್ಟ್‌ಮ್ಯಾನ್ ಕೈಗೇ ಕೊಡುತ್ತಿದ್ದ" ಎಂದರು ಅವಳ ಉಮ್ಮ. ನನಗೆ ಆಗ ಮಾತು ಹೊರಡಲಿಲ್ಲ.

ಪೋಸ್ಟ್‌ಮ್ಯಾನ್ ಕೈಗೆ ಬರುವ ಮೊದಲೇ ಕಾಗದ ವಿಂಗಡಣೆಯಾಗಿರುತ್ತದಲ್ಲ! 1972ರಲ್ಲಿ ಪಿನ್‌ಕೋಡ್ ಬಂದದ್ದು ಅದಕ್ಕೇ. 574111 ಎಂದು ಬರೆದರೆ ಸಾಕು, ಪಡುಬಿದ್ರಿಯ ಚೀಲಕ್ಕೆ ಬೀಳುತ್ತದೆ. ಇಮೇಲ್‌ಗೂ ಅಂಥ ಗುರುತು ಹಾಕಬಹುದು.

ನಿಮ್ಮ ಜಿಮೇಲ್ ವಿಳಾಸದ ಹೆಸರು 'ನಮ್ಮಮನೆ' ಎಂದಿಟ್ಟುಕೊಳ್ಳಿ. ಕಾಲೇಜಿನ ಅರ್ಜಿಯಲ್ಲಿ 'ನಮ್ಮಮನೆ+ಕಾಲೇಜು' ಎಂದು ಬರೆಯಿರಿ (ಇಂಗ್ಲಿಷ್ ಅಕ್ಷರಗಳಲ್ಲೇ), ಆಮೇಲೆ ಎಂದಿನಂತೆ ಅಟ್ ಚಿಹ್ನೆ ಮತ್ತು ಉಳಿದ ಭಾಗ. ಅಂಗಡಿಗೆ '+ಅಂಗಡಿ' ಕೊಡಿ. ಹೊಸ ಖಾತೆ ಬೇಡ, ಹೊಸ ಪಾಸ್‌ವರ್ಡ್ ಬೇಡ. ಪ್ಲಸ್‌ನ ಹಿಂದಿನ ಹೆಸರು ನೋಡಿ ಸರ್ವರ್ ಮನೆ ಹುಡುಕುತ್ತದೆ, ಮುಂದಿನ ಬಾಲ ಹಾಗೇ ಉಳಿಯುತ್ತದೆ. ಆದರೆ ವಿಂಗಡಿಸುವ ನಿಯಮವನ್ನು ನೀವೇ ಬರೆಯಬೇಕು. ಕಂಪ್ಯೂಟರಿನಲ್ಲಿ ಜಿಮೇಲ್ ಸೆಟ್ಟಿಂಗ್ಸ್ ತೆರೆದು ಫಿಲ್ಟರ್ ಮಾಡಿ, 'ಟು' ಎಂಬಲ್ಲಿ ಬಾಲವಿರುವ ವಿಳಾಸ ಹಾಕಿ, ಒಂದು ಲೇಬಲ್ ಆರಿಸಿ. ಅಂಗಡಿಯ ಮೇಲ್ ಇನ್‌ಬಾಕ್ಸ್‌ಗೆ ಬರದೆ ನೇರ ಅದರ ಖಾನೆಗೆ ಹೋಗಲಿ. ಕಾಲೇಜಿನದಕ್ಕೆ ಮಾತ್ರ ಹಾಗೆ ಮಾಡಬೇಡಿ! ಅದು ಇನ್‌ಬಾಕ್ಸ್‌ನಲ್ಲೂ ಕಾಣಬೇಕು, ಎಂದೂ ಸ್ಪ್ಯಾಮ್‌ಗೆ ಹೋಗಬಾರದು. ಆ ಆಯ್ಕೆಯೂ ಅಲ್ಲೇ ಇದೆ.

ನಿಮ್ಮ ಮದ್ರಸಾ ಅಥವಾ ಶಾಲೆಗೆ ಸ್ವಂತ ಮೇಲ್ ಸರ್ವರ್ ಇದ್ದರೆ ನೋಡಿಕೊಳ್ಳುವವರಿಗೆ ಇಷ್ಟು ಹೇಳಿ: ಪೋಸ್ಟ್‌ಫಿಕ್ಸ್‌ನಲ್ಲಿ 'ರೆಸಿಪಿಯೆಂಟ್ ಡಿಲಿಮಿಟರ್' ಪ್ಲಸ್ ಆಗಿರಲಿ, ಡವ್‌ಕಾಟ್‌ನಲ್ಲಿ 'ಸೀವ್' ನಿಯಮ ಬರೆಯಲಿ. ಸೀವ್ ಎಂದರೆ ಜರಡಿ, ನಮ್ಮ ಅಡುಗೆಮನೆಯದೇ. ಬಾಲ ನೋಡಿ ವಿಂಗಡಿಸುವ ಈ ವಿಧಾನದ ಈಗಿನ ಮಾನದಂಡ 2008ರದು. ಬಂದ ಬಾಲಕ್ಕೆಲ್ಲ ತಾನಾಗಿ ಫೋಲ್ಡರ್ ತೆರೆಯುವ ಸೌಲಭ್ಯ ಮಾತ್ರ ಬೇಡ. ಯಾವನೋ ಅಪರಿಚಿತ ಸಾವಿರ ಬಾಲ ಕಟ್ಟಿ ಕಳಿಸಿದರೆ ಸಾವಿರ ಖಾನೆ ಆದೀತು.

ತೊಡಕೂ ಇದೆ. ಕೆಲವು ಅರ್ಜಿಗಳು ಪ್ಲಸ್ ಚಿಹ್ನೆಯನ್ನು ಒಪ್ಪುವುದಿಲ್ಲ. ಎಲ್ಲಿಗೆ ಯಾವ ಬಾಲ ಕೊಟ್ಟಿರೆಂದು ಬರೆದಿಡದಿದ್ದರೆ ಲಾಗಿನ್ ಆಗುವಾಗ ಪೇಚಾಟ. ಬೇಕೆಂದೇ ಬಾಲ ಕತ್ತರಿಸಿ ಕಳಿಸುವ ಚಾಲಾಕಿಗಳೂ ಇದ್ದಾರೆ.

ಆ ಹುಡುಗಿ ಈ ವರ್ಷ ಮತ್ತೆ ಅರ್ಜಿ ಹಾಕಿದ್ದಾಳೆ. ಸಾಲ ಕೊಡುತ್ತೇವೆಂಬ ಯಾರದೋ ಮೇಲ್ ಅವಳ '+ಅಂಗಡಿ' ವಿಳಾಸಕ್ಕೆ ಬಂದಿದೆಯಂತೆ. ವಿಳಾಸ ಸೋರಿದ್ದು ಎಲ್ಲಿಂದ ಎಂದು ಅವಳಿಗೆ ತಿಳಿಯಿತು. 'ಕಾಲೇಜು' ಖಾನೆಯಲ್ಲಿ ಎರಡು ಮೇಲ್ ಇವೆ, ಎರಡನ್ನೂ ಬಂದ ದಿನವೇ ಓದಿದ್ದಾಳೆ.